ಬಿಜಾಗರಿ ಬಿಗಿಯಾಗಿರಲಿ

ಮನೆಯ ಬಾಗಿಲಿನ ಬಿಜಾಗರಿ ಸಡಿಲವಾದರೆ ಕಿರುಗುಟ್ಟುವ ಸದ್ದಾದೀತು, ಕದ ಹೊಸ್ತಿಲಿಗೆ ಉಜ್ಜೀತು; ಬಡಗಿಯನ್ನು ಕರೆಸಿ ಸರಿಪಡಿಸಿಕೊಳ್ಳಲು ವಾರದ ಅವಕಾಶವಾದರೂ ಇರುತ್ತದೆ. ಆಕಾಶದಲ್ಲಿ ಹಾರುವ ವಸ್ತುವಿಗೆ ಆ ಅವಕಾಶವಿಲ್ಲ. ಮಕ್ಕಳು ಮನೆಯಲ್ಲಿ ಕಟ್ಟುವ ರೇಡಿಯೋ ನಿಯಂತ್ರಿತ ಮಾದರಿ ವಿಮಾನದ ವಿಷಯವಾಗಿ ಈ ತಿಂಗಳು ನಾವು ನಾಲ್ಕು ಮಾತು ಬರೆಯಲು ಹೊರಟಿರುವುದು ಈ ಕಾರಣದಿಂದಲೇ.

ಮೂಡುಬಿದಿರೆಯ ಸಮೀಪದ ಮಿಜಾರಿನಲ್ಲಿ 2008ರಲ್ಲಿ ಆಳ್ವಾಸ್ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಗದ್ದೆ, ಅಡಿಕೆ ತೋಟಗಳ ನಡುವಣ ಊರಿಗೆ ತಾಂತ್ರಿಕ ಶಿಕ್ಷಣವೇ ನಡೆದು ಬಂದ ಮೇಲೆ, ಮಗನೋ ಮಗಳೋ ಬಾಲ್ಸಾ ಮರದ ತೆಳು ಹಲಗೆಗಳನ್ನು ಜಗಲಿಯಲ್ಲಿ ಹರವಿಕೊಂಡು ಕುಳಿತರೆ ಹಿರಿಯರು ಅಚ್ಚರಿಪಡಬೇಕಾಗಿಲ್ಲ. ‘ಇದೆಂಥ ಆಟ’ ಎಂದು ಗದರುವುದಕ್ಕಿಂತ ಪಕ್ಕದಲ್ಲಿ ಕುಳಿತು ನೋಡುವುದು ಲೇಸು. ಅಲ್ಲಿ ಹಲವು ವಾರಗಳ ದುಡಿಮೆ ಇದೆ, ಹೆತ್ತವರ ಹಣವಿದೆ. ಅದಕ್ಕಿಂತ ಮಿಗಿಲಾಗಿ, ಆ ವಿಮಾನದ ಕೆಳಗೆ ನಿಲ್ಲುವವರ ಸುರಕ್ಷತೆಯಿದೆ.

ವಿಮಾನದ ರೆಕ್ಕೆಯ ಹಿಂಬದಿಯಲ್ಲಿ ಏಲರಾನ್, ಬಾಲದಲ್ಲಿ ಎಲಿವೇಟರ್ ಮತ್ತು ರಡ್ಡರ್ ಎಂಬ ಆಡುವ ಪಟ್ಟಿಗಳಿರುತ್ತವೆ. ವಾಲುವುದು, ಏರಿಳಿಯುವುದು, ಮೂತಿ ತಿರುಗಿಸುವುದು ಇವುಗಳಿಂದಲೇ. ಇವನ್ನು ಹಿಡಿದಿರುವುದು ಅಂಚೆಚೀಟಿಗಿಂತ ಚಿಕ್ಕದಾದ ಕೆಲವು ಬಿಜಾಗರಿಗಳು. ಅವು ಸಡಿಲವಾದರೆ ಪಟ್ಟಿ ಗಾಳಿಯಲ್ಲಿ ಪಟಪಟನೆ ಬಡಿದುಕೊಳ್ಳತೊಡಗುತ್ತದೆ. ತಜ್ಞರು ಇದನ್ನು ಫ್ಲಟರ್ ಎನ್ನುತ್ತಾರೆ. ಕ್ಷಣಾರ್ಧದಲ್ಲಿ ಪಟ್ಟಿಯೇ ಕಿತ್ತುಹೋಗಬಹುದು. ದೊಡ್ಡ ವಿಮಾನಗಳಿಗೂ ಈ ಪಿಡುಗು ತಪ್ಪಿದ್ದಲ್ಲ. 1916ರಲ್ಲಿ ಇಂಗ್ಲೆಂಡಿನ ಹ್ಯಾಂಡ್ಲಿ ಪೇಜ್ ಬಾಂಬರ್ ವಿಮಾನದ ಬಾಲ ಹಾರಾಟದಲ್ಲಿ ಭೀಕರವಾಗಿ ಅದುರಿದಾಗ ಲಾಂಚೆಸ್ಟರ್ ಎಂಬ ತಜ್ಞರು ಕಾರಣ ಶೋಧಿಸಿದರು. ಎಡಬಲದ ಎಲಿವೇಟರ್‌ಗಳು ಒಂದಕ್ಕೊಂದು ಗಟ್ಟಿಯಾಗಿ ಜೋಡಣೆಯಾಗದೆ ವಿರುದ್ಧವಾಗಿ ಆಡುತ್ತಿದ್ದವು. ಎರಡನ್ನೂ ಗಡುಸಾದ ಕೊಳವೆಯಿಂದ ಬೆಸೆಯುವುದೇ ಪರಿಹಾರವಾಯಿತು. ಇಂದಿಗೂ ಮಾದರಿ ವಿಮಾನಗಳಲ್ಲಿ ಎರಡು ಎಲಿವೇಟರ್‌ಗಳನ್ನು ಉಕ್ಕಿನ ತಂತಿಯಿಂದ ಕೂಡಿಸುವುದು ಇದೇ ತತ್ತ್ವದಿಂದ.

ಇನ್ನು ಜೋಡಿಸುವ ಕ್ರಮ. ಚಿಕ್ಕ ವಿಮಾನಗಳಿಗೆ ನಾರಿನ ಮೇಲ್ಮೈಯುಳ್ಳ ತೆಳು ಹಾಳೆಯ ಬಿಜಾಗರಿಗಳು ಸಾಕು. ರೆಕ್ಕೆಯನ್ನೂ ಪಟ್ಟಿಯನ್ನೂ ಒತ್ತಟ್ಟಿಗೆ ಇಟ್ಟು, ಎರಡರ ಮೇಲೂ ಒಮ್ಮೆಗೇ ಪೆನ್ಸಿಲಿನಿಂದ ಗುರುತು ಹಾಕಬೇಕು. ಎರಡು ತುದಿಗಳ ಬಳಿ ಒಂದೊಂದು, ಸರ್ವೋ ಕಡ್ಡಿ ಎಳೆಯುವ ಜಾಗದ ಸಮೀಪದಲ್ಲಿ ಒಂದು ಇರಲಿ. ಬಳಿಕ ಅಂಚಿನ ದಪ್ಪದ ನಟ್ಟನಡುವೆ ಗೆರೆ ಎಳೆದು, ಚೂಪಾದ ತೆಳು ಅಲಗಿನಿಂದ ಮೆಲ್ಲಗೆ ಸೀಳು ತೆಗೆಯಬೇಕು. ಸೀಳು ಓರೆಯಾದರೆ ಪಟ್ಟಿಯೂ ಓರೆಯಾಗುತ್ತದೆ. ಪಟ್ಟಿಯ ಮುಂಗೋಣೆಯನ್ನು ಎರಡೂ ಬದಿಯಿಂದ ಇಳಿಜಾರಾಗಿ ಉಜ್ಜಿದರೆ ಅದು ಮೇಲಕ್ಕೂ ಕೆಳಕ್ಕೂ ಧಾರಾಳವಾಗಿ ಆಡುತ್ತದೆ.

ಬಿಜಾಗರಿಯ ನಡುವೆ ಗುಂಡುಸೂಜಿ ಚುಚ್ಚಿಟ್ಟರೆ ಅರ್ಧ ರೆಕ್ಕೆಯೊಳಗೆ, ಅರ್ಧ ಪಟ್ಟಿಯೊಳಗೆ ಸಮನಾಗಿ ಕೂರುತ್ತದೆ. ಎರಡನ್ನೂ ಕೂಡಿಸಿ ಸೂಜಿ ತೆಗೆದ ಮೇಲೆ ನಡುವೆ ಕಾಗದದ ದಪ್ಪದಷ್ಟು ಸಂದಿ ಉಳಿಯಲಿ. ಸಂದಿ ದೊಡ್ಡದಾದರೆ ಗಾಳಿ ಸೋರಿ ನಿಯಂತ್ರಣ ಕುಗ್ಗುತ್ತದೆ. ಸಂದಿಯೇ ಇಲ್ಲದಿದ್ದರೆ ಪಟ್ಟಿ ಬಿಗಿದು ಸರ್ವೋ ದಣಿಯುತ್ತದೆ. ಪಟ್ಟಿಯನ್ನು ಬಾಗಿಸಿ ಹಿಡಿದು, ತೆಳು ಸೂಪರ್ ಗ್ಲೂವಿನ ಕೆಲವೇ ಹನಿಗಳನ್ನು ಎರಡೂ ಬದಿಯಲ್ಲಿ ಬಿಡಬೇಕು. ಬತ್ತಿ ಎಣ್ಣೆಯನ್ನು ಹೀರುವಂತೆ ನಾರು ಅಂಟನ್ನು ಒಳಗೆ ಸೆಳೆದುಕೊಳ್ಳುತ್ತದೆ. ಗಟ್ಟಿ ಅಂಟು ಹೀಗೆ ಇಳಿಯದು. ಬೇಗ ಒಣಗಿಸುವ ದ್ರಾವಣವನ್ನು ಇಲ್ಲಿ ಬಳಸಬಾರದು. ಅಂಟು ಹೊರಗೇ ಹೆಪ್ಪುಗಟ್ಟುತ್ತದೆ, ಒಳಗೆ ಹಿಡಿತವಿರದು.

ದೊಡ್ಡ ವಿಮಾನವಾದರೆ ನಡುವೆ ಸಲಾಕೆಯುಳ್ಳ ನೈಲಾನ್ ಬಿಜಾಗರಿಯನ್ನು ಎಪಾಕ್ಸಿಯಿಂದ ಕೂರಿಸುವುದು ವಾಡಿಕೆ. ತಿರುಗುವ ಕೀಲಿಗೆ ಮೊದಲೇ ಸ್ವಲ್ಪ ವ್ಯಾಸಲೀನ್ ಸವರಿದರೆ ಅಂಟು ಅಲ್ಲಿ ಹತ್ತದು. ಎಲ್ಲ ಕೀಲುಗಳೂ ಒಂದೇ ಸರಳರೇಖೆಯಲ್ಲಿರಬೇಕು. ಒಂದು ತಪ್ಪಿದರೂ ಉಳಿದವು ತಡೆಯುತ್ತವೆ.

ಮನೆಯವರು ಗಮನಿಸಬೇಕಾದ ಎಚ್ಚರಿಕೆಗಳಿವೆ. ಸೂಪರ್ ಗ್ಲೂ ಗಾಳಿಯ ತೇವದಿಂದಲೇ ಗಟ್ಟಿಯಾಗುವುದರಿಂದ ನಮ್ಮ ಕರಾವಳಿಯ ಮಳೆಗಾಲದಲ್ಲಿ ಕೈಚಳಕಕ್ಕೆ ಸಮಯ ಕಡಿಮೆ. ಅದರ ಹಬೆ ಕಣ್ಣು ಉರಿಸುತ್ತದೆ, ಕಿಟಕಿ ತೆರೆದಿರಲಿ. ಹತ್ತಿಯ ಬಟ್ಟೆಯ ಮೇಲೆ ಹೆಚ್ಚು ಚೆಲ್ಲಿದರೆ ಚರ್ಮ ಸುಡುವಷ್ಟು ಬಿಸಿಯೇರುತ್ತದೆ. ಬೆರಳುಗಳು ಅಂಟಿಕೊಂಡರೆ ಎಳೆಯದೆ ಬೆಚ್ಚನೆಯ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲನೆ ಬಿಡಿಸಬೇಕು.

ಅಂಟು ಆರಿದ ಮೇಲೆ ಪ್ರತಿ ಪಟ್ಟಿಯನ್ನೂ ಹಿಡಿದು ದೃಢವಾಗಿ ಎಳೆದು ನೋಡುವುದು ಕಡೆಯ ಕೆಲಸ. ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಎಳೆಯಲು ಮಕ್ಕಳಿಗೆ ಮನಸ್ಸು ಬಾರದು. ಆಗ ಹಿರಿಯರೇ ಧೈರ್ಯ ಹೇಳಬೇಕು: ಕಿತ್ತು ಬರುವುದಾದರೆ ಜಗಲಿಯಲ್ಲೇ ಬರಲಿ, ಜನರ ತಲೆಯ ಮೇಲೆ ಬೇಡ. ಈ ಪರೀಕ್ಷೆ ಒಂದು ದಿನದ್ದಲ್ಲ. ಪ್ರತಿ ಹಾರಾಟಕ್ಕೂ ಮುನ್ನ ನಡೆಯಬೇಕಾದ ನಿತ್ಯನೇಮ.

ಕೊಯ್ಲಾದ ಗದ್ದೆ ಹಾರಿಸಲು ಅನುಕೂಲವೆನಿಸಿದರೂ ತೆಂಗಿನ ಮರ, ವಿದ್ಯುತ್ ತಂತಿ, ಮೇಯುವ ದನಗಳಿಂದ ದೂರವಿರಬೇಕು. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನವನ್ನು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸತಕ್ಕದ್ದೆಂದು ವಿಧಿಸಿವೆ. ಬಜಪೆಯ ವಿಮಾನ ನಿಲ್ದಾಣವೂ ನಮ್ಮ ಸೀಮೆಯಲ್ಲೇ ಇರುವುದರಿಂದ, ಎಲ್ಲಿ ಹಾರಿಸಲು ಅನುಮತಿಯಿದೆ ಎಂಬುದನ್ನು ಸರ್ಕಾರದ ನಕ್ಷೆಯಲ್ಲಿ ನೋಡಿಕೊಂಡೇ ಹೊರಡಬೇಕು.

ಹಾರುವಾಗ ಎಲ್ಲರ ಕಣ್ಣಿಗೆ ಬೀಳುವುದು ರೆಕ್ಕೆಯ ಬಣ್ಣ. ಬಿಜಾಗರಿಯನ್ನು ಯಾರೂ ಹೊಗಳುವುದಿಲ್ಲ. ಯಾರೂ ನೋಡದ ಆ ಜಾಗದಲ್ಲಿ ಮನಸ್ಸಿಟ್ಟು ಕೆಲಸ ಮಾಡಿದ ಮಗುವನ್ನು ಕಂಡಾಗ, ಒಂದು ಮೆಚ್ಚುಗೆಯ ಮಾತನ್ನು ಓದುಗ ಬಂಧುಗಳು ಮರೆಯದೆ ಆಡಲಿ ಎಂಬುದು ನಮ್ಮ ವಿನಂತಿ.