ಛಾಯಾಚಿತ್ರವೆಂಬ ಸಾಕ್ಷಿ

ಡೋಣಿಯ ಹೂಳಿನ ಮಾತು ವಿಜಯಪುರ ಜಿಲ್ಲೆಯ ವಾಚಕರಿಗೆ ಹೊಸದಲ್ಲ. ಜತ್ತ ಸೀಮೆಯಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುವ ಈ ನದಿಯ ಪಾತ್ರದಲ್ಲಿ ಮಣ್ಣು ತುಂಬಿ ಜಾಲಿ ಬೆಳೆದಿರುವುದರಿಂದ, ನೆರೆ ಬಂದಾಗ ದಂಡೆಯ ಹೊಲಗಳು ಹಾಳಾಗುತ್ತವೆ. ರೈತರು ಅರ್ಜಿ ಕೊಡುತ್ತಾರೆ, ಅಧಿಕಾರಿಗಳು ಬದಲಾಗುತ್ತಾರೆ, ಹೊಸಬರು ಮೊದಲಿನಿಂದ ವಿಚಾರಿಸುತ್ತಾರೆ. ಹಿಂದೆ ಪಾತ್ರವು ಎಷ್ಟು ಆಳವಿದ್ದಿತೆಂದು ಕೇಳಿದರೆ, ಬಾಯಿಮಾತಿನ ಹೊರತು ರೈತನ ಕೈಯಲ್ಲಿ ತೋರಿಸತಕ್ಕದ್ದು ಏನಿದೆ?

ಇದೇ ಊರಿನ ಕಲ್ಲುಗಳ ಭಾಗ್ಯವು ಬೇರೆ. 1866ರಲ್ಲಿಯೆ ವಿಜಾಪುರದ ಕಟ್ಟಡಗಳ ಛಾಯಾಚಿತ್ರಗಳುಳ್ಳ ಗ್ರಂಥವು ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ ಅವರ ಬರೆಹದೊಡನೆ ಲಂಡನ್ನಿನಲ್ಲಿ ಪ್ರಕಟವಾಯಿತು. ಆ ಚಿತ್ರಗಳನ್ನು ಮುಂದಿಟ್ಟುಕೊಂಡು, ಉಳಿದುದೇನು, ಅಳಿದುದೇನು ಎಂದು ಇಂದಿಗೂ ಹೇಳಬಹುದು. ಕಲ್ಲಿಗೆ ಸಂದ ಈ ಮರ್ಯಾದೆಯು ನೀರಿಗೂ ಮಣ್ಣಿಗೂ ಸಲ್ಲಬೇಕೆಂದು ನಾವು ಹೇಳುತ್ತೇವೆ.

ಚಿತ್ರದಿಂದೇನು ಪ್ರಯೋಜನ ಎನ್ನುವವರು ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ನೆನೆಯಲಿ. ಕೊಳಚೆಯ ನೊರೆಯು ರಸ್ತೆಗೆ ಹಾರಿದ ಚಿತ್ರಗಳೂ, 2017ರ ಫೆಬ್ರುವರಿಯಲ್ಲಿ ಕೆರೆಗೆ ಬೆಂಕಿ ಹತ್ತಿದ ಚಿತ್ರಗಳೂ ದೇಶವನ್ನೆಲ್ಲ ಮುಟ್ಟಿದವು. ಬೆಂಕಿಯ ಸುದ್ದಿಯನ್ನು ಕಂಡು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ತಾನಾಗಿಯೆ ಪ್ರಕರಣವನ್ನು ಕೈಗೆತ್ತಿಕೊಂಡಿತು. 2018ರ ಡಿಸೆಂಬರಿನಲ್ಲಿ, ಕೆರೆಗಳ ಸುಧಾರಣೆಗಾಗಿ 500 ಕೋಟಿ ರೂಪಾಯಿ ತೆಗೆದಿರಿಸುವಂತೆ ರಾಜ್ಯ ಸರಕಾರಕ್ಕೆ ಆಜ್ಞಾಪಿಸಿತು. ಜಪಾನಿನ ಮಿನಮಾಟದಲ್ಲಿಯೂ ಹೀಗೆಯೆ. ಕಾರಖಾನೆಯ ಪಾದರಸದಿಂದ ಬಂದ ರೋಗವು 1956ರಲ್ಲಿಯೆ ತಿಳಿದುಬಂದಿದ್ದರೂ, ಜಗತ್ತಿನ ಕಣ್ಣು ತೆರೆಯಿಸಿದವು 1972ರಲ್ಲಿ ಪ್ರಕಟವಾದ ಯುಜೀನ್ ಸ್ಮಿತ್ ಅವರ ಚಿತ್ರಗಳು.

ಆದರೆ ರಾಜಧಾನಿಯ ಕೆರೆಗೆ ಸಾವಿರ ಕಣ್ಣು. ಟಿಕೋಟಾ ತಾಲೂಕಿನ ಘೋಣಸಗಿಯ ಬಾವಿಗೆ ಯಾರ ಕಣ್ಣು? ಜಿಲ್ಲೆಯು ಬೆಳೆಯುತ್ತಿದೆ. ಏತ ನೀರಾವರಿ ಬಂದಿದೆ, ದ್ರಾಕ್ಷಿಯ ತೋಟಗಳು ಹಬ್ಬಿವೆ, ಕೂಡಗಿಯಲ್ಲಿ 2400 ಮೆಗಾವ್ಯಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರವಿದೆ. ಈ ಏಳಿಗೆಯನ್ನು ನಾವು ಬೇಡವೆನ್ನುವುದಿಲ್ಲ. ಅದರ ಲೆಕ್ಕದಲ್ಲಿ ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬಿಡಬಾರದೆಂದಷ್ಟೆ ನಮ್ಮ ಮಾತು. ಹಾನಿಯಾದ ಮೇಲೆ ತೆಗೆದ ಚಿತ್ರವು ಅರ್ಧ ಸಾಕ್ಷಿ. ಮೊದಲಿನ ಚಿತ್ರವೂ ಇದ್ದರೆ ಮಾತ್ರ ಅದು ಪೂರ್ಣ ಸಾಕ್ಷಿ.

ಚಿತ್ರವು ಸುಳ್ಳನ್ನೂ ಹೇಳಬಲ್ಲುದೆಂಬ ಆಕ್ಷೇಪವು ನಿಜವಾದದ್ದೆ. ಯಂತ್ರವೆ ಚಿತ್ರವನ್ನು ಕಲ್ಪಿಸುವ ಈ ಕಾಲದಲ್ಲಿಯಂತೂ ಅದನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಮದ್ದು ಶಿಸ್ತು. ಒಂದೇ ಸ್ಥಳದಲ್ಲಿ ನಿಂತು, ಮಳೆಗಾಲದ ಮೊದಲು ಒಮ್ಮೆ, ಆಮೇಲೆ ಒಮ್ಮೆ, ವರ್ಷವರ್ಷವೂ ಚಿತ್ರ ತೆಗೆಯಬೇಕು. ತಾರೀಖು, ಸ್ಥಳ, ತೆಗೆದವರ ಹೆಸರು ಬರೆದಿಡಬೇಕು. ಮೂಲ ಪ್ರತಿಯನ್ನು ತಿದ್ದದೆ ಕಾಯಬೇಕು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಪ್ರಮಾಣಪತ್ರವನ್ನು ಲಗತ್ತಿಸಿದರೆ ಇಂತಹ ದಾಖಲೆಯು ನ್ಯಾಯಾಲಯದ ಮೆಟ್ಟಿಲನ್ನೂ ಏರಬಲ್ಲುದು.

ಇಂದು ಮನೆಮನೆಗೂ ಮೊಬೈಲಿನ ಕ್ಯಾಮರಾ ಬಂದಿದೆ, ಕೊರತೆಯಿರುವುದು ವ್ಯವಸ್ಥೆಗೆ. ಗ್ರಾಮ ಪಂಚಾಯಿತಿಗಳೂ ಶಾಲೆಗಳೂ ಈ ಕಾರ್ಯವನ್ನು ಕೈಕೊಳ್ಳಲಿ. ಜಿಲ್ಲಾಡಳಿತವು ಚಿತ್ರಗಳನ್ನು ಅರ್ಜಿಯಷ್ಟೆ ಗೌರವದಿಂದ ದಫ್ತರಿಗೆ ಸೇರಿಸಿಕೊಳ್ಳಲಿ. ಊರಿನ ಹುಳುಕನ್ನು ತೋರಿಸಿದವನನ್ನು ಊರಿನ ವೈರಿಯೆಂದು ಕಾಣುವ ಚಾಳಿಯನ್ನು ಪಟ್ಟಣಿಗರೂ ಅಧಿಕಾರಿವರ್ಗದವರೂ ಬಿಡಬೇಕು. ಹುಣ್ಣನ್ನು ಮುಚ್ಚಿಟ್ಟವನಿಗೆ ವೈದ್ಯನು ಏನು ಮಾಡಿಯಾನು?