ಹದಿನಾರಕ್ಕೂ ಹದಿನೆಂಟಕ್ಕೂ ನಡುವೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ಮರುದಿನ ಪತ್ರಿಕೆಗಳಲ್ಲಿ ಅಚ್ಚಾಗುವ ಭಾವಚಿತ್ರಗಳೆಲ್ಲ ಗೆದ್ದವರವು. ಅದು ಸಹಜವೇ ಸರಿ. ಆದರೆ ಅದೇ ಸುದ್ದಿಯ ಕೆಳಗೆ ಬರುವ ಅಂಕಿಗಳನ್ನು ನಿಧಾನವಾಗಿ ಓದುವವರು ವಿರಳ. 2024ರಲ್ಲಿ ಪರೀಕ್ಷೆಗೆ ಕುಳಿತ ಸುಮಾರು 8 ಲಕ್ಷ 60 ಸಾವಿರ ಮಕ್ಕಳಲ್ಲಿ ಉತ್ತೀರ್ಣರಾದವರು ಶೇಕಡ 73.40ರಷ್ಟು, 2025ರ ಮೊದಲ ಪರೀಕ್ಷೆಯಲ್ಲಿ ಆ ಪ್ರಮಾಣ ಶೇಕಡ 66.14ಕ್ಕೆ ಇಳಿಯಿತು. ಮರುಪರೀಕ್ಷೆಯ ಅವಕಾಶ ಈಗ ಉಂಟು. ಅದರಿಂದ ಕೆಲವರು ದಡ ಸೇರುವುದೂ ಉಂಟು. ಉಳಿದವರು ಎಲ್ಲಿಗೆ ಹೋಗುತ್ತಾರೆ? ಶಾಲೆಯ ಹಾಜರಿ ಪುಸ್ತಕದಿಂದ ಹೆಸರು ಅಳಿದುಹೋದ ಮೇಲೆ ಆ ಹುಡುಗನಾಗಲಿ ಹುಡುಗಿಯಾಗಲಿ ಏನಾದರೆಂಬುದನ್ನು ವಿಚಾರಿಸುವ ಹೊಣೆ ನಮ್ಮ ವ್ಯವಸ್ಥೆಯಲ್ಲಿ ಯಾರದೂ ಅಲ್ಲ.

ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ನೋಡಬಹುದು. ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಕಾವೇರಿಯ ನಾಲೆಗಳು, ಕಬ್ಬು, ಬತ್ತ. ಕೃಷ್ಣರಾಜಪೇಟೆಗೆ ಹೇಮಾವತಿಯ ನೀರು. ನಾಗಮಂಗಲದಲ್ಲಿ ಬಹುಮಟ್ಟಿಗೆ ಮಳೆಯನ್ನೇ ನಂಬಿದ ರಾಗಿ, ಹುರುಳಿ, ತೆಂಗು. ಹೊರಗಿನವರು ಮಂಡ್ಯವೆಂದೊಡನೆ ಹಸುರನ್ನೇ ಕಾಣುತ್ತಾರೆ. ಹಸುರು ಇರುವುದು ನಿಜ. ಆದರೆ ಅಜ್ಜನ ಕಾಲದ ಜಮೀನು ಮೊಮ್ಮಕ್ಕಳ ಪಾಲಿಗೆ ಬರುವ ಹೊತ್ತಿಗೆ ಗುಂಟೆಗಳ ಲೆಕ್ಕಕ್ಕೆ ಇಳಿದಿದೆ. 2015ರಲ್ಲಿ ಸಾಲದ ಹೊರೆ, ಕಬ್ಬಿನ ಬಾಕಿಗಳ ನಡುವೆ ಈ ಜಿಲ್ಲೆಯಲ್ಲಿ ರೈತರ ಸಾವುಗಳು ಒಂದರ ಹಿಂದೊಂದರಂತೆ ಸಂಭವಿಸಿದುದನ್ನು ವಾಚಕರು ಮರೆತಿರಲಾರರು. ಆ ಮನೆಗಳಲ್ಲಿ ಅಂದು ಐದಾರು ವರ್ಷದ ಕೂಸುಗಳಾಗಿದ್ದವರು ಈಗ ಹದಿನಾರರ ಹೊಸ್ತಿಲಲ್ಲಿ ನಿಂತಿದ್ದಾರೆ.

ಕೃಷ್ಣರಾಜಪೇಟೆ, ನಾಗಮಂಗಲಗಳ ಹಳ್ಳಿಗಳಿಂದ ಮುಂಬಯಿಗೆ ಹೋಗುವ ದಾರಿ ಹಳೆಯದು. ಅದು ಎಷ್ಟು ಸವೆದ ದಾರಿ ಎಂಬುದು ನಾಡಿಗೆಲ್ಲ ತಿಳಿದುದು 2020ರ ಮೇ ತಿಂಗಳಲ್ಲಿ. ಕೊರೋನಾ ಪಿಡುಗಿಗೆ ಹೆದರಿ ಮುಂಬಯಿಯಿಂದ ಊರಿಗೆ ಮರಳಿದವರಿಂದಾಗಿ ಮಂಡ್ಯದ ರೋಗಿಗಳ ಸಂಖ್ಯೆ ಏಕಾಏಕಿ ಏರಿತು. ಅವರಲ್ಲಿ ಹೆಚ್ಚಿನವರು ಈ ಎರಡು ತಾಲ್ಲೂಕುಗಳವರು. ಊರಿನವರು ಅವರನ್ನು ಕಂಡ ರೀತಿ ಎಲ್ಲ ಕಡೆಯೂ ಗೌರವದ್ದಾಗಿರಲಿಲ್ಲ. ಹೋಟೆಲು, ವಾಹನ, ಸಣ್ಣಪುಟ್ಟ ಚಾಕರಿಗಳಲ್ಲಿ ವರ್ಷಗಟ್ಟಲೆ ದುಡಿದವರಲ್ಲಿ ಎಷ್ಟೋ ಮಂದಿ ಕೈಯಲ್ಲಿ ಒಂದು ಕಸಬಿಲ್ಲದೆ ಹೋಗಿ, ಕಸಬಿಲ್ಲದೆಯೇ ಹಿಂದಿರುಗಿದ್ದರು.

ದಾರಿ ತಪ್ಪುವ ಹುಡುಗರೆಂದೊಡನೆ ನಮ್ಮ ಕಣ್ಣೆದುರಿಗೆ ಇಸ್ಪೀಟು, ಕುಡಿತ, ಪೊಲೀಸ್ ಠಾಣೆಗಳ ಚಿತ್ರ ಬರುತ್ತದೆ. ಅವೂ ಇವೆ. ಆದರೆ ಈ ಲೇಖಕನ ದೃಷ್ಟಿಯಲ್ಲಿ ಹೆಚ್ಚಿನ ಅಪಾಯ ನೋಡಲು ಸಭ್ಯವಾದದ್ದು. ಅದು ಮೊದಲ ದಿನದ ಕೂಲಿ. ಹದಿನಾರರ ಹುಡುಗ ಗಾರೆಯವರ ಹಿಂದೆ ಮಣ್ಣು ಹೊರಲು, ಮದುವೆ ಮಂಟಪದಲ್ಲಿ ಎಲೆ ಎತ್ತಲು, ಟ್ರ್ಯಾಕ್ಟರಿಗೆ ಕಬ್ಬು ತುಂಬಲು ಹೋಗುತ್ತಾನೆ. ಸಂಜೆ ಕೈಗೆ ನೋಟು ಬರುತ್ತದೆ. ಮನೆಯಲ್ಲಿ ತಾಯಿಗೂ ಸಮಾಧಾನ. ಅದು ಪ್ರಾಮಾಣಿಕ ದುಡಿಮೆಯೇ, ಅದನ್ನು ಹೀನಾಯವಾಗಿ ಕಾಣಲು ಕಾರಣವಿಲ್ಲ. ಆದರೆ ಇಪ್ಪತ್ತಾರನೆಯ ವಯಸ್ಸಿನಲ್ಲೂ ಅವನು ಹೊರುವುದು ಅದೇ ಮಣ್ಣು. ಕಸಬು ಕಲಿಯುವವನು ಮೊದಲ ಎರಡು ವರ್ಷ ಕಡಮೆ ಗಳಿಸಿ, ಆಮೇಲೆ ಹೆಚ್ಚು ಗಳಿಸುತ್ತಾನೆ. ಕೂಲಿಯವನು ಮೊದಲ ದಿನವೇ ತನ್ನ ಜೀವಮಾನದ ಗಳಿಕೆಯ ಮಟ್ಟವನ್ನು ಮುಟ್ಟಿಬಿಡುತ್ತಾನೆ. ಈ ಲೆಕ್ಕವನ್ನು ಹುಡುಗನಿಗೆ ಕೂಡಿಸಿ ಕಳೆದು ತೋರಿಸುವವರು ಬೇಕು. ಹಸಿದ ಮನೆಯಲ್ಲಿ ಬರಿಯ ಲೆಕ್ಕ ಸಾಲದು, ಆ ಎರಡು ವರ್ಷ ಒಲೆ ಉರಿಯುವ ದಾರಿಯನ್ನೂ ತೋರಿಸಬೇಕು.

ಸರ್ಕಾರದ ಯೋಜನೆಗಳಿಲ್ಲವೇ ಎಂದರೆ, ಬೇಕಾದಷ್ಟಿವೆ. ಅವುಗಳ ವಯಸ್ಸಿನ ಕಟ್ಟಳೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ನಡುವಿನ ಬಿರುಕು ಕಾಣುತ್ತದೆ. ಕಡ್ಡಾಯ ಶಿಕ್ಷಣದ ಹಕ್ಕು 14 ವರ್ಷಕ್ಕೆ ಮುಗಿಯುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ 14ರಿಂದ 18ರವರೆಗಿನವರನ್ನು ಅಪಾಯಕರ ಕೆಲಸಗಳಿಂದ ದೂರವಿಡುತ್ತದೆ. ಯಾವುದು ಬೇಡವೆಂದು ಹೇಳುತ್ತದೆ, ಯಾವುದು ಬೇಕೆಂದು ಹೇಳುವುದು ಅದರ ಕೆಲಸವಲ್ಲ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ವಿಶ್ವಕರ್ಮ ಯೋಜನೆ ತರಬೇತಿಯ ದಿನಗಳಲ್ಲಿ 500 ರೂಪಾಯಿ ಭತ್ಯೆಯನ್ನೂ, ಉಪಕರಣಗಳಿಗೆಂದು 15,000 ರೂಪಾಯಿಯನ್ನೂ ಕೊಡುತ್ತದೆ. ಆದರೆ ಅದು 18 ತುಂಬಿದವರಿಗೆ, ಅದೂ ಆಗಲೇ ಕಸಬಿನಲ್ಲಿ ಇರುವವರಿಗೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿ ದೇಶಕ್ಕೇ ಮಾದರಿಯಾದ ರುಡ್‌ಸೆಟ್ ಸಂಸ್ಥೆಯ ತರಬೇತಿಗೂ 18 ಆಗಿರಬೇಕು. 2024ರ ಜನವರಿಯಲ್ಲಿ ಚಾಲನೆ ಪಡೆದ ಯುವನಿಧಿ ಪದವೀಧರರಿಗೂ ಡಿಪ್ಲೊಮಾದವರಿಗೂ ಮೀಸಲು.

ತೆರೆದಿರುವ ದೊಡ್ಡ ಬಾಗಿಲು ಕೈಗಾರಿಕಾ ತರಬೇತಿ ಸಂಸ್ಥೆಯದು, ಅಂದರೆ ಜನರ ಬಾಯಲ್ಲಿ ಐಟಿಐ. ಅಲ್ಲಿ 14 ತುಂಬಿದವರು ಸೇರಬಹುದು. ಫಿಟ್ಟರ್, ಎಲೆಕ್ಟ್ರಿಷಿಯನ್ ಮುಂತಾದವಕ್ಕೆ ಹತ್ತನೆಯ ತರಗತಿ ಮುಗಿಸಿರಬೇಕೆಂಬುದು ಎಲ್ಲರಿಗೂ ಗೊತ್ತು. ವೆಲ್ಡರ್, ಪ್ಲಂಬರ್, ಬಡಗಿ, ವೈರ್‌ಮನ್ ಕಸಬುಗಳಿಗೆ ಎಂಟನೆಯ ತರಗತಿ ತೇರ್ಗಡೆಯಾಗಿದ್ದರೆ ಸಾಕೆಂಬುದು ಎಷ್ಟು ಮನೆಗಳಿಗೆ ಗೊತ್ತು? ಗಣಿತದಲ್ಲೋ ಇಂಗ್ಲಿಷಿನಲ್ಲೋ ಬಿದ್ದ ಹುಡುಗ ತನಗೆ ಎಲ್ಲ ಬಾಗಿಲೂ ಮುಚ್ಚಿತೆಂದು ತಿಳಿದು ಕೂಲಿಗೆ ಹೊರಡುತ್ತಾನೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಂಸ್ಥೆಯ ಸಹಯೋಗದಲ್ಲಿ 4,600 ಕೋಟಿ ರೂಪಾಯಿಗೂ ಮೀರಿದ ವೆಚ್ಚದಲ್ಲಿ ಆಧುನಿಕಗೊಳಿಸಲಾಗಿದೆ. ಯಂತ್ರಗಳು ಬಂದಿವೆ. ಹುಡುಗನ ಕೈಹಿಡಿದು ಯಂತ್ರದವರೆಗೆ ಕರೆತರುವ ಮನುಷ್ಯನಿಗೆ ಯಾವ ಅಂದಾಜು ಪಟ್ಟಿಯಲ್ಲೂ ಸ್ಥಾನವಿಲ್ಲ.

ಹಿಂದೆ ಈ ಕೆಲಸವನ್ನು ಮಾಡುತ್ತಿದ್ದುದು ಕುಲ. ನಾಗಮಂಗಲದ ಹಿತ್ತಾಳೆ, ಕಂಚಿನ ಕೆಲಸ ಹೆಸರಾದದ್ದು. ಅಲ್ಲಿ ಎರಕದ ಮನೆಯಲ್ಲಿ ಹುಟ್ಟಿದ ಮಗು ಮೇಣ, ಮಣ್ಣು, ತಿದಿಗಳ ನಡುವೆಯೇ ಬೆಳೆಯುತ್ತಿತ್ತು. ಅವನನ್ನು ಕಸಬಿಗೆ ಸೇರಿಸಿಕೊಳ್ಳಲು ಅರ್ಜಿ ಬೇಕಿರಲಿಲ್ಲ, ತಪ್ಪಿದಾಗ ಗದರುವುದಕ್ಕೂ ಜ್ವರ ಬಂದಾಗ ವಿಚಾರಿಸುವುದಕ್ಕೂ ಅದೇ ಗುರು ಇದ್ದ. ಆ ಪದ್ಧತಿಯನ್ನು ನೆನೆದು ನಿಟ್ಟುಸಿರಿಡುವವರು ಅದರ ಇನ್ನೊಂದು ಮುಖವನ್ನೂ ನೋಡಬೇಕು. ಪಕ್ಕದ ಕೇರಿಯ ಹುಡುಗನಿಗೆ ಆ ಮನೆಯ ಹೊಸ್ತಿಲು ಎತ್ತರವಾಗಿತ್ತು. ಹೆಣ್ಣುಮಗುವಿಗಂತೂ ಉಳಿಯನ್ನು ಹಿಡಿಸುವ ಪ್ರಶ್ನೆಯೇ ಇರಲಿಲ್ಲ. ಗುರುವನ್ನು ಉಳಿಸಿಕೊಂಡು ಕುಲವನ್ನು ಬಿಡುವುದು ಹೇಗೆಂಬುದೇ ಇಂದಿನ ಸಮಸ್ಯೆ.

ಶ್ರೀರಂಗಪಟ್ಟಣದ ಚರಿತ್ರೆ ಇನ್ನೊಂದು ಎಚ್ಚರಿಕೆಯನ್ನು ಕೊಡುತ್ತದೆ. ಟಿಪ್ಪು ಸುಲ್ತಾನನು ಸಿರಾದಿಂದ ಸಾವಿರಾರು ಕುಟುಂಬಗಳನ್ನು ಬಲವಂತದಿಂದ ತಂದು ಗಂಜಾಮನ್ನು ಕಟ್ಟಿದನು. 1799ರಲ್ಲಿ ಕೋಟೆ ಬಿತ್ತು, ರಾಜಧಾನಿ ಮೈಸೂರಿಗೆ ಹೋಯಿತು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷವೆಂದು ಅಂದಾಜಿಸಲಾದ ದ್ವೀಪದ ಜನಸಂಖ್ಯೆ 1800ರಲ್ಲಿ ಬುಕಾನನ್ ಬರುವ ವೇಳೆಗೆ ಸುಮಾರು 32,000ಕ್ಕೆ ಇಳಿದಿತ್ತು. ಒಬ್ಬ ಒಡೆಯನನ್ನೇ ನೆಚ್ಚಿದ ಕೈಗಾರಿಕೆಗೆ ಆ ಒಡೆಯನ ಆಯುಸ್ಸೇ ಮಿತಿ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ಹಲವು ಬಾರಿ ನಿಂತು, 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ಹೋದ ಮೇಲೆ ಮತ್ತೆ ಕಬ್ಬು ನುರಿಯತೊಡಗಿದ್ದನ್ನು ಕಂಡ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಹುಡುಗನಿಗೆ ಕಲಿಸುವುದು ಒಂದು ಕಾರ್ಖಾನೆಯ ನೌಕರಿಯನ್ನಲ್ಲ, ಅವನೊಡನೆ ಎಲ್ಲಿಗಾದರೂ ಹೋಗಬಲ್ಲ ಕಸಬನ್ನು.

ಇಂಥ ಕೆಲಸವನ್ನು ಸರ್ಕಾರದ ಹೊರಗೆ ನಿಂತು, ಸಣ್ಣ ಪ್ರಮಾಣದಲ್ಲಿ, ಬಹುಕಾಲ ಮಾಡಬಹುದೆಂಬುದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1960ರಲ್ಲಿ ಜನಪದ ಸೇವಾ ಟ್ರಸ್ಟ್ ಆರಂಭವಾಯಿತು. ಜಯಪ್ರಕಾಶ ನಾರಾಯಣರೊಡನೆ ಕೆಲಸ ಮಾಡಿದ್ದ ಸುರೇಂದ್ರ ಕೌಲಗಿಯವರು ಅದರ ಸ್ಥಾಪಕರು. ದಿಕ್ಕಿಲ್ಲದ ಮಕ್ಕಳಿಗೆ ಆಶ್ರಯವಾದ ಕರುಣಾಗೃಹವೂ, ಊರಿನವರಿಗೆ ಕೆಲಸ ಕೊಡುವ ಖಾದಿ, ಕೈಮಗ್ಗಗಳೂ ಅಲ್ಲಿ ಒಂದೇ ಆವರಣದ ಆಲೋಚನೆಯಾಗಿ ಬೆಳೆದವು. ಮಗುವಿಗೆ ಮೊದಲು ಮನೆ, ಆಮೇಲೆ ಅಕ್ಷರ, ಜೊತೆಗೆ ಕೈಗೆ ಕೆಲಸ ಎಂಬುದು 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮಂಡಿಸಿದ ಶಿಕ್ಷಣ ವಿಚಾರದ ಧಾರೆಯೇ. ಮಗ್ಗದ ಗಳಿಕೆ ಇಂದಿನ ಹುಡುಗನನ್ನು ಮೈಸೂರಿನ ಕೂಲಿಯಿಂದ ಹಿಂದಕ್ಕೆ ಕರೆಯಲಾರದೆಂಬುದನ್ನು ಒಪ್ಪಲೇಬೇಕು. ಅಲ್ಲಿಂದ ನಾವು ತರಬೇಕಾದದ್ದು ಮಗ್ಗವನ್ನಲ್ಲ. ಮಗುವನ್ನು ಬಲ್ಲ ಹಿರಿಯರು ವರ್ಷಗಟ್ಟಲೆ ಬಿಡದೆ ಅದರ ಜೊತೆಗಿರುವ ಪದ್ಧತಿಯನ್ನು. ಬಿಡದಿಯಲ್ಲಿ 2007ರಿಂದ ನಡೆಯುತ್ತಿರುವ ಟೊಯೋಟಾ ತರಬೇತಿ ಶಾಲೆ ಹಳ್ಳಿಯ ಮಕ್ಕಳನ್ನು ಮೂರು ವರ್ಷ ವಸತಿಯೊಡನೆ ತಿದ್ದಿ ಉತ್ತಮ ಕೆಲಸಗಾರರನ್ನು ಮಾಡುತ್ತದೆ. ಆದರೆ ಅದು ತೇರ್ಗಡೆಯಾದವರಿಂದ ಆರಿಸಿಕೊಳ್ಳುತ್ತದೆ. ಬಿದ್ದವರ ಕಥೆ ಬೇರೆ.

ನಾಲ್ಕು ತಾಲ್ಲೂಕುಗಳಲ್ಲಿ ನಿವೃತ್ತರಾದ ಫಿಟ್ಟರುಗಳು, ವಿದ್ಯುತ್ ಇಲಾಖೆಯ ಲೈನ್‌ಮನ್‌ಗಳು, ಬಸ್ ಡಿಪೋಗಳ ಮೆಕ್ಯಾನಿಕರು, ಹೊಲಿಗೆಯಲ್ಲಿ ಪಳಗಿದ ಗೃಹಿಣಿಯರು ಇದ್ದಾರೆ. ಹೋಬಳಿಗೆ ಐದಾರು ಮಂದಿ ಒಂದು ಸಂಘವಾಗಿ, ಒಬ್ಬೊಬ್ಬರು ಇಬ್ಬರು ಮೂವರು ಮಕ್ಕಳ ಹೊಣೆ ಹೊತ್ತರೆ ಸಾಕು. ಅವರು ಪಾಠ ಹೇಳಬೇಕಾಗಿಲ್ಲ. ಅರ್ಜಿ ತುಂಬಿಸಬೇಕು, ಮೊದಲ ದಿನ ಜೊತೆಗೆ ಹೋಗಬೇಕು, ಮೂರನೆಯ ತಿಂಗಳಲ್ಲಿ ಹುಡುಗ ಬೇಸತ್ತು ಮನೆಯಲ್ಲಿ ಕುಳಿತಾಗ ಹೋಗಿ ಎಬ್ಬಿಸಬೇಕು. ಆ ಮೂರನೆಯ ತಿಂಗಳನ್ನು ದಾಟಿಸುವುದೇ ಅರ್ಧ ಕೆಲಸ.

ಒಂದು ಅಪಾಯವನ್ನು ಮುಚ್ಚಿಡಬಾರದು. ಕಲಿಕೆಯ ಹೆಸರಿನಲ್ಲಿ ಗ್ಯಾರೇಜಿನ ಯಜಮಾನನಿಗೆ ಬಿಟ್ಟಿ ಆಳನ್ನು ಒದಗಿಸುವುದು ಬಲು ಸುಲಭ. 1961ರ ಅಪ್ರೆಂಟಿಸ್ ಕಾಯಿದೆಯಲ್ಲಿ ಕರಾರು, ಭತ್ಯೆ ಎಲ್ಲವೂ ಇವೆ. ಆದರೆ 2019ರ ನಿಯಮಗಳ ಪ್ರಕಾರ ಕಡ್ಡಾಯವಾಗುವುದು 30 ಮಂದಿ ಕೆಲಸಗಾರರಿರುವ ಸಂಸ್ಥೆಗಳಿಗೆ, ನಾಲ್ವರಿಗಿಂತ ಕಡಮೆ ಇರುವ ಕಡೆ ಅದರ ಮಾತೇ ಇಲ್ಲ. ನಮ್ಮ ಪೇಟೆಬೀದಿಯ ಗ್ಯಾರೇಜು, ವೆಲ್ಡಿಂಗ್ ಅಂಗಡಿಗಳಲ್ಲಿ ಇರುವುದು ಇಬ್ಬರು, ಮೂವರು. ಜರ್ಮನಿಯಲ್ಲಿ 1969ರ ಕಾಯಿದೆಯ ಕೆಳಗೆ ಕಸಬು ಕಲಿಯುವ ಹುಡುಗ ವಾರದ ಹೆಚ್ಚಿನ ದಿನ ಕಾರ್ಯಾಗಾರದಲ್ಲಿ, ಒಂದೆರಡು ದಿನ ಶಾಲೆಯಲ್ಲಿ ಇರುತ್ತಾನೆ. ಅವನಿಗೂ ಯಜಮಾನನಿಗೂ ಲಿಖಿತ ಕರಾರು ಉಂಟು. ನಮ್ಮ ಸಣ್ಣ ಅಂಗಡಿಗಳ ಮಟ್ಟಿಗೆ ಆ ಕರಾರನ್ನು ಸಂಘವೇ ಬರೆಯಿಸಬೇಕು: ಯಾವ ತಿಂಗಳಿಗೆ ಯಾವ ಕೆಲಸ ಕಲಿಸುವುದು, ಎಷ್ಟು ಭತ್ಯೆ, ಕೆಲಸದ ಗಂಟೆ ಎಷ್ಟು, ಕಣ್ಣಿಗೆ ಕನ್ನಡಕ, ಕೈಗೆ ಗವುಸು ಯಾರು ಕೊಡುವುದು.

ಹುಡುಗಿಯರ ವಿಷಯದಲ್ಲಿ ಅವಧಿ ಇನ್ನೂ ಕಡಮೆ. ಬಿದ್ದ ಹುಡುಗನಿಗೆ ಮನೆಯವರು ಕೂಲಿ ಹುಡುಕಿದರೆ, ಬಿದ್ದ ಹುಡುಗಿಗೆ ಗಂಡು ಹುಡುಕುತ್ತಾರೆ. ಬಾಲ್ಯವಿವಾಹ ಮೂಲತಃ ಅಸಿಂಧುವೆಂದು ಕರ್ನಾಟಕ 2017ರಲ್ಲೇ ಕಾಯಿದೆ ತಿದ್ದಿದೆ. ಕಾಯಿದೆ ಮದುವೆಯನ್ನು ತಡೆದೀತು. ತಡೆದ ಮೇಲೆ ಆ ಎರಡು ವರ್ಷ ಹುಡುಗಿ ಮನೆಯಲ್ಲಿ ಏನು ಮಾಡಬೇಕೆಂಬುದಕ್ಕೆ ಉತ್ತರ ಸಿದ್ಧವಿಲ್ಲದಿದ್ದರೆ ಹದಿನೆಂಟು ತುಂಬಿದ ವಾರವೇ ಚಪ್ಪರ ಏಳುತ್ತದೆ. ಅವಳನ್ನು ಹೊಲಿಗೆಗಷ್ಟೇ ಕಟ್ಟಿಹಾಕುವುದೂ ಸರಿಯಲ್ಲ. ಎಲೆಕ್ಟ್ರಾನಿಕ್ಸ್ ದುರಸ್ತಿಗೆ ಬೇಕಾದ ಕೈಚಳಕ ಮಗ್ಗದ ನೂಲನ್ನು ಬಿಡಿಸುವ ಕೈಗೆ ಹೊಸದೇನಲ್ಲ.

ಎಲ್ಲಕ್ಕೂ ಮೊದಲು ಆಗಬೇಕಾದದ್ದು ಬಹಳ ಸಣ್ಣದು. ಫಲಿತಾಂಶ ಬಂದ ವಾರದಲ್ಲೇ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಬಳಿಗೆ ಹೋಗಿ ಅನುತ್ತೀರ್ಣರ ಪಟ್ಟಿಯನ್ನು ಕೇಳುವುದು, ಆ ಮನೆಗಳಿಗೆ ಸಂಜೆಯ ಹೊತ್ತು ಹೋಗುವುದು, ಐಟಿಐಗಳ ಪ್ರವೇಶ ಮುಗಿಯುವುದರೊಳಗೆ ಎಂಟನೆಯ ತರಗತಿಯ ಅಂಕಪಟ್ಟಿಯನ್ನು ಹುಡುಕಿಸಿ ತೆಗೆಸುವುದು.