ಜಾಮೀನು ಸಿಕ್ಕವನಿಗೆ ಮಾತ್ರ ಮತ



‘ಜೈಲು ಸೇರಿದವನಿಗೆ ಮತದಾನ ಏತಕ್ಕೆ?’ ಎಂದು ಕೇಳುವವರು ನಮ್ಮಲ್ಲಿ ಬಹಳ. ಆ ಪ್ರಶ್ನೆಯ ಹಿಂದೆ ಒಂದು ತಪ್ಪು ಗ್ರಹಿಕೆಯಿದೆ. ನಮ್ಮ ಕಾನೂನು ಮತವನ್ನು ಕಸಿದುಕೊಳ್ಳುವುದು ಅಪರಾಧಿಯಿಂದಲ್ಲ, ಸೆರೆಯಿಂದ ಹೊರಬರಲು ದಾರಿಯಿಲ್ಲದವನಿಂದ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 62(5)ನೆಯ ಕಲಮಿನ ಪ್ರಕಾರ ಸೆರೆಯಲ್ಲಿರುವವರು ಮತ ಹಾಕುವಂತಿಲ್ಲ. ಶಿಕ್ಷೆಯಾದವನು, ವಿಚಾರಣೆಗೆ ಕಾದಿರುವವನು ಎಂಬ ಭೇದ ಅದಕ್ಕಿಲ್ಲ. ಮುನ್ನೆಚ್ಚರಿಕೆಯ ಬಂಧನದಲ್ಲಿರುವವರಿಗೆ ಮಾತ್ರ ವಿನಾಯಿತಿ. ಅವರು ಅಂಚೆಯ ಮೂಲಕ ಮತ ಹಾಕಬಹುದು.

ನಮ್ಮ ಬನಶಂಕರಿ ಜಾತ್ರೆಯಲ್ಲಿ ಇಬ್ಬರು ಹೊಡೆದಾಡಿ ಸೆರೆಯಾದರೆನ್ನಿ. ಒಬ್ಬನ ಅಣ್ಣ ಹೊಲದ ಉತಾರ ತಂದು ಜಾಮೀನು ನಿಲ್ಲುತ್ತಾನೆ. ಇನ್ನೊಬ್ಬ ಗೇಣು ನೆಲವಿಲ್ಲದ ಕೂಲಿ ನೇಕಾರ, ಅವನಿಗೆ ಜಾಮೀನಾಗುವವರಿಲ್ಲ. ಆರೋಪ ಒಂದೇ. ಆದರೆ ಚುನಾವಣೆಯ ದಿನ ಮೊದಲನೆಯವನ ಬೆರಳಿಗೆ ಶಾಯಿ, ಎರಡನೆಯವನ ಎದುರಿಗೆ ಸರಳು. ಶಿಕ್ಷೆಯಾಗಿ, ಮೇಲ್ಮನವಿ ಹೂಡಿ, ಜಾಮೀನಿನ ಮೇಲೆ ಹೊರಗಿರುವವನೂ ಸಾಮಾನ್ಯವಾಗಿ ಮತ ಹಾಕುತ್ತಾನೆ! 2022ರ ಕೊನೆಗೆ ದೇಶದ ಸುಮಾರು 5.73 ಲಕ್ಷ ಕೈದಿಗಳಲ್ಲಿ 4.34 ಲಕ್ಷ ಮಂದಿ ಇನ್ನೂ ತೀರ್ಪು ಕಾಣದ ವಿಚಾರಣಾಧೀನರು.

ಈ ಕಲಮನ್ನು ಪ್ರಶ್ನಿಸಿ ವಕೀಲ ಅನುಕೂಲ್ ಚಂದ್ರ ಪ್ರಧಾನ್ ಅವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು, 1997ರಲ್ಲಿ ಸೋತರು. ಕೈದಿಗಳ ಮತದಾನಕ್ಕೆ ಬೇಕಾದಷ್ಟು ಪೊಲೀಸರಿಲ್ಲ, ಅಪರಾಧದ ಹಿನ್ನೆಲೆಯವರನ್ನು ಚುನಾವಣೆಯಿಂದ ದೂರವಿಡಬೇಕು ಎಂಬಿವು ನ್ಯಾಯಾಲಯ ಕೊಟ್ಟ ಕಾರಣಗಳಲ್ಲಿ ಸೇರಿದ್ದವು.

ಮೊದಲನೆಯದಕ್ಕೆ ಅಂಚೆ ಮತವೇ ಉತ್ತರ. ಎರಡನೆಯದನ್ನು ಸಂಸತ್ತೇ ಬುಡಮೇಲು ಮಾಡಿತು. ಸೆರೆಯಲ್ಲಿದ್ದು ಮತ ಹಾಕಲಾಗದವನು ಸ್ಪರ್ಧಿಸಲೂ ಆಗದೆಂದು 2013ರ ಜುಲೈಯಲ್ಲಿ ಅದೇ ನ್ಯಾಯಾಲಯ ಹೇಳಿದಾಗ, ಆ ವರ್ಷವೇ ಕಾಯ್ದೆಯನ್ನು ತಿದ್ದಿ ಅಭ್ಯರ್ಥಿಗಳನ್ನು ಪಾರುಮಾಡಲಾಯಿತು. 1977ರಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಸೆರೆಮನೆಯಿಂದಲೇ ಮುಜಫ್ಫರಪುರವನ್ನು ಗೆದ್ದಿದ್ದರು. 2024ರಲ್ಲಿ ಎಂಜಿನಿಯರ್ ರಶೀದ್ ಬಾರಾಮುಲ್ಲಾವನ್ನು ಹಾಗೆಯೇ ಗೆದ್ದರು. ವಿಚಾರಣಾಧೀನನು ಲಕ್ಷಗಟ್ಟಲೆ ಮತ ಪಡೆಯಬಹುದು, ತನ್ನದೊಂದನ್ನು ಹಾಕುವಂತಿಲ್ಲ! ನಾಯಕರ ಹಕ್ಕಿಗೆ ಸಂಸತ್ತಿಗೆ ಕೆಲವೇ ತಿಂಗಳು ಸಾಕಾದವು. ನೇಕಾರನ ಹಕ್ಕಿಗೆ ಇನ್ನೂ ಪುರುಸೊತ್ತಿಲ್ಲ.

ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ನ್ಯಾಯಾಲಯ 1999ರಲ್ಲಿಯೇ ಕೈದಿಗಳು ಮತ ಹಾಕಲು ವ್ಯವಸ್ಥೆ ಮಾಡಿರೆಂದು ಆದೇಶಿಸಿತು. ನಾನು ಅಷ್ಟನ್ನೂ ಕೇಳುತ್ತಿಲ್ಲ. ತೀರ್ಪು ಬರುವವರೆಗೆ ನಿರಪರಾಧಿಯೆಂದು ನಾವೇ ಒಪ್ಪಿಕೊಂಡವರಿಗಾದರೂ ಒಂದು ಅಂಚೆ ಮತಪತ್ರ ಸಿಗಲಿ. ನಿಮ್ಮಲ್ಲಿ ಕರಿಕೋಟು ತೊಟ್ಟವರು ಹಲವರಿದ್ದೀರಿ. ವಕೀಲ ಪ್ರಧಾನ್ ಸೋತ ಮೊಕದ್ದಮೆಯ ತೀರ್ಪನ್ನು ಒಮ್ಮೆ ತೆರೆದು ಓದಿ. ಅಲ್ಲಿಂದ ಮುಂದಿನ ವಾದ ನಿಮ್ಮದಾಗಲಿ.